ಸೊಲಿಹಲ್ ದಿನಚರಿ – 17: ತೋಟದ ಗುಂಪಿನಲ್ಲಿ ತೋಟದ ಮಾತು ಮಾತ್ರವೇ?

ಹೋದ ಕಂತಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವರು ಹಗಲು ಹೊತ್ತು ಹೇಗೆ ನಿದ್ದೆ ಮಾಡಬೇಕು ಅಂತ ಬರೆದಿದ್ದೆ. ಕಪ್ಪು ಪರದೆ, ಫೋನು ಪಕ್ಕದ ರೂಮಿನಲ್ಲಿ, ಬೆಳಗಿನ ಕಾಫಿಗೆ ಕತ್ತರಿ, ಇತ್ಯಾದಿ. ಕಾಮೆಂಟ್ ನೋಡಿದರೆ ಅರ್ಧಕ್ಕರ್ಧ ಜನ ನಿದ್ದೆಯ ವಿಷಯ ಬಿಟ್ಟು ಫೋಟೋದಲ್ಲಿ ಕಿಟಕಿ ಮೇಲೆ ಕಂಡ ಮೆಣಸಿನ ಸಸಿಗಳ ಬಗ್ಗೆ ಕೇಳಿದ್ದೀರಿ. ಯಾವ ತಳಿ, ಬೀಜ ಎಲ್ಲಿಂದ ಬಂತು, ಆ ಚಳಿಯಲ್ಲಿ ಹೇಗೆ ಮೊಳಕೆ ಬಂತು. ಒಬ್ಬರಂತೂ “ವಿಷಯ ಬಿಟ್ಟು ಕೇಳ್ತಾ ಇದೀನಿ ಸಿಸ್ಟರ್, ಕ್ಷಮಿಸಿ” ಅಂತ ಮೊದಲೇ ಕೈಮುಗಿದಿದ್ದಾರೆ.

ಕ್ಷಮೆ ಯಾಕೆ? ಈ ಸಲದ ಕಂತು ಆ ಸಸಿಗಳದ್ದೇ. ಅವು ನನ್ನ ಕಿಟಕಿಗೆ ಬಂದದ್ದೂ ಒಬ್ಬಳು ವಿಷಯ ಬಿಟ್ಟು ಮಾತಾಡಿದ್ದಕ್ಕೇ. ಅವಳ ಒಪ್ಪಿಗೆ ತಗೊಂಡೇ ಬರೀತಿದೀನಿ. ಹೆಸರು, ಊರು, ಕಂಪನಿ ಯಾವುದೂ ಹೇಳಲ್ಲ. ಯಾರೂ ಊಹೆ ಮಾಡೋಕೆ ಹೋಗಬೇಡಿ.

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಸೊಲಿಹಲ್, ಶರ್ಲಿ, ಓಲ್ಟನ್, ಹಾಲ್ ಗ್ರೀನ್, ಆ ಕಡೆ ಕವೆಂಟ್ರಿವರೆಗೆ ಮನೆ ಹಿಂದೆಯೋ ಅಲಾಟ್‌ಮೆಂಟಿನಲ್ಲೋ ಏನಾದರೂ ಬೆಳೆಯುವ ಕನ್ನಡದವರದ್ದು. ನೂರೈವತ್ತರ ಹತ್ತಿರ ಜನ ಇದೀವಿ. ಅಲಾಟ್‌ಮೆಂಟ್ ಅಂದರೆ ಗೊತ್ತಿಲ್ಲದವರಿಗೆ: ಇಲ್ಲಿನ ಕೌನ್ಸಿಲ್‌ಗಳು ವರ್ಷಕ್ಕಿಷ್ಟು ಅಂತ ಬಾಡಿಗೆಗೆ ಕೊಡುವ ತರಕಾರಿ ಪಟ್ಟಿ. 1908ರ ಒಂದು ಕಾಯ್ದೆ ಇದೆ, ಜನ ಕೇಳಿದರೆ ಜಾಗ ಒದಗಿಸೋದು ಕೌನ್ಸಿಲ್‌ನ ಕರ್ತವ್ಯ ಅಂತ. ಬರ್ಮಿಂಗ್‌ಹ್ಯಾಮ್ ಒಂದರಲ್ಲೇ ಇಂಥ ತಾಣ ನೂರಕ್ಕೂ ಹೆಚ್ಚು. ಕಾಯುವ ಪಟ್ಟಿಯೂ ಅಷ್ಟೇ ಉದ್ದ ಬಿಡಿ. ನನಗೆ ಅರ್ಧ ಪಟ್ಟಿ ಸಿಗೋ ಹೊತ್ತಿಗೆ ಮಗಳು ಪ್ರೈಮರಿ ಮುಗಿಸಿದ್ದಳು.

ಗುಂಪಿನಲ್ಲಿ ಮಾತೆಲ್ಲ ಮಣ್ಣಿನದ್ದೇ. ಇಲ್ಲಿಯದು ಅಂಟು ಜೇಡಿ, ಮಳೆಗೆ ಹಿಟ್ಟಿನ ಮುದ್ದೆ, ಬಿಸಿಲಿಗೆ ಹೆಂಚು. ಚಿಪ್ಪಿಲ್ಲದ ಬಸವನಹುಳುಗಳು ರಾತ್ರಿ ಕಳೆಯೋದರೊಳಗೆ ಹರಿವೆ ಮಡಿ ಮುಗಿಸ್ತವೆ. ಬಸಳೆ ಜುಲೈನಲ್ಲಿ ಕಣ್ಣು ಬಿಟ್ಟು ಸೆಪ್ಟೆಂಬರಿನಲ್ಲಿ ಕಣ್ಣು ಮುಚ್ಚುತ್ತೆ. ಅವರೆಯದ್ದು ದೊಡ್ಡ ಗೋಳು. ಊರಿಂದ ತಂದ ಬೀಜ ಹಾಕಿದರೆ ಬೇಸಿಗೆಯಿಡೀ ಬಳ್ಳಿ ಹಬ್ಬಿ, ಹಗಲು ಚಿಕ್ಕದಾಗಲಿ ಅಂತ ಕಾದು, ಅಕ್ಟೋಬರಿನಲ್ಲಿ ಹೂ ಬಿಡುತ್ತೆ. ಮರುವಾರ ಇಬ್ಬನಿ ಹೆಪ್ಪುಗಟ್ಟಿ ಎಲ್ಲ ಕರ‍್ರಗೆ. ಸೊಗಡು ನೆನೆಸಿಕೊಂಡು ಮಲಗೋದಷ್ಟೇ.

ಗುಂಪಿನ ನಿಯಮ ಒಂದೇ, ಮೇಲೆ ಪಿನ್ ಮಾಡಿ ಇಟ್ಟಿದಾರೆ. “ದಯವಿಟ್ಟು ತೋಟದ ವಿಷಯ ಮಾತ್ರ.”

ಹೋದ ವರ್ಷ ಮಾರ್ಚ್, ಬೆಳಗಿನ ಜಾವ ಮೂರು ಗಂಟೆ ಇರಬೇಕು. ನಾನು ವಾರ್ಡಿನಲ್ಲಿದ್ದೆ, ಬ್ರೇಕ್ ಹೊತ್ತು. ಹುಡುಗಿಯೊಬ್ಬಳು ಮೊಸರಿನ ಡಬ್ಬಿಯಲ್ಲಿ ಎದ್ದ ಬ್ಯಾಡಗಿ ಮೆಣಸಿನ ಸಸಿಗಳ ಫೋಟೋ ಹಾಕಿದ್ದಳು. ಕೇರ್ ವೀಸಾದ ಮೇಲೆ ಬಂದವಳು, ಉತ್ತರ ಕರ್ನಾಟಕದ ಕಡೆಯವಳು. ಫೋಟೋ ಕೆಳಗೆ ಹೀಗಿತ್ತು: “ಸಸಿ ಅರಾಮ ಅದಾವ್ರಿ. ನಾನ ಒಂದೀಟು ಅರಾಮಿಲ್ಲ. ನಾಕ ದಿನ ಆತು, ಯಾರ ಜೋಡೀನೂ ಕನ್ನಡದಾಗ ಮಾತಾಡಿಲ್ಲ.”

ಓದಿದೆ. ಏನಾದರೂ ಬರೀಬೇಕು ಅಂದುಕೊಂಡೆ. ಅಷ್ಟರಲ್ಲಿ ಯಾರದೋ ಬಝರ್. ಬೆಳಗ್ಗೆ ಏಳೂವರೆಗೆ ಹ್ಯಾಂಡೋವರ್ ಮುಗಿಸಿ ಬಸ್ಸಿನಲ್ಲಿ ಕೂತು ನೋಡಿದರೆ ಆ ಮೆಸೇಜೇ ಇಲ್ಲ. “ಅಡ್ಮಿನ್ ಅಳಿಸಿದ್ದಾರೆ” ಅಂತ ಒಂದು ಸಾಲು. ಅದರ ಕೆಳಗೆ ಅಡ್ಮಿನ್ನರ ವಿನಂತಿ: ನಿಯಮ ಪಾಲಿಸಿ, ಫೋಟೋ ಬೇಕಾದರೆ ಮತ್ತೆ ಹಾಕಬಹುದು. ಅದಕ್ಕೆ ಆರೇಳು ಹೆಬ್ಬೆರಳು. ಸದಸ್ಯರ ಪಟ್ಟಿ ನೋಡಿದರೆ, ಅವಳು ಗುಂಪು ಬಿಟ್ಟು ಹೋಗಿದ್ದಳು.

ಆಮೇಲೆ ಯಾರೋ ಕುರಿಗೊಬ್ಬರ ಎಲ್ಲಿ ಸಿಗುತ್ತೆ ಅಂತ ಕೇಳಿದರು. ಉತ್ತರ ಬಂತು. ದಿನ ನಡೀತು.

ಅಡ್ಮಿನ್ ಮೇಲೆ ಕೂಗಾಡಬೇಡಿ. ಆ ನಿಯಮ ಮಾಡಿಸಿದ್ದು ನಾನೇ.

2020ರ ಏಪ್ರಿಲ್. ನಮ್ಮ ವಾರ್ಡನ್ನು ರಾತ್ರೋರಾತ್ರಿ ಕೋವಿಡ್ ವಾರ್ಡ್ ಮಾಡಿದ್ದರು. ಹನ್ನೆರಡೂವರೆ ಗಂಟೆ ಮಾಸ್ಕ್ ಕಟ್ಟಿಕೊಂಡು ಮೂಗಿನ ಮೇಲೆ ಗಾಯ ಮಾಡಿಕೊಂಡು ಮನೆಗೆ ಬಂದು, ಟೊಮೆಟೊ ಸಸಿ ಯಾವಾಗ ಹೊರಗಿಡಬೇಕು ಅಂತ ನೋಡೋಕೆ ಗುಂಪು ತೆರೆದರೆ, ನೂರಾ ಎಂಬತ್ತು ಮೆಸೇಜ್. ಬಿಸಿನೀರಿನಲ್ಲಿ ವೈರಸ್ ಸಾಯುತ್ತೆ. ಹತ್ತು ಸೆಕೆಂಡು ಉಸಿರು ಕಟ್ಟಿದರೆ ನಿಮಗೆ ರೋಗ ಇಲ್ಲ. ದಿನಕ್ಕೆ ನಾಲ್ಕು ಸಲ ಹಬೆ ತಗೊಳ್ಳಿ, ಮಕ್ಕಳಿಗೂ ಕೊಡಿ. ಎಲ್ಲದರ ತಲೆ ಮೇಲೂ ಆ ಎರಡು ಬಾಣದ ಗುರುತು.

ಹಬೆಯ ವಿಷಯ ಹೇಳಿಬಿಡ್ತೀನಿ, ಅದು ಇನ್ನೂ ಬದುಕಿದೆ. ಆ ವಸಂತದಲ್ಲಿ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯ ಸುಟ್ಟಗಾಯದ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಗೇ ಬರೆಯಬೇಕಾಯ್ತು. ಹಬೆ ತಗೊಳ್ಳೋಕೆ ಹೋಗಿ ಬಿಸಿನೀರು ಮೈಮೇಲೆ ಚೆಲ್ಲಿಕೊಂಡು ಬಂದ ಮಕ್ಕಳ ಪ್ರಮಾಣ ಮೊದಲಿಗಿಂತ 30 ಪಟ್ಟು ಆಗಿದೆ ಅಂತ. ಕೊರೊನಾ ಬರಬಾರದು ಅಂತ ಪ್ರೀತಿಯಿಂದಲೇ ಕೊಟ್ಟ ಹಬೆ. ಟವೆಲ್ಲಿನಡಿ ಮಗು, ಮಡಿಲ ಮೇಲೆ ಬಟ್ಟಲು.

ಅವತ್ತು ನಾನು ಅಡ್ಮಿನ್ನರಿಗೆ ಫೋನು ಮಾಡಿ ಅತ್ತೂ ಕರೆದೂ ಹೇಳಿದ್ದೆ: “ಸರ್, ಒಂದೋ ಇದನ್ನೆಲ್ಲ ನಿಲ್ಲಿಸಿ, ಇಲ್ಲ ನನ್ನನ್ನ ತೆಗೀರಿ.” ಪಾಪ, ಅವರು ನಿವೃತ್ತ ಇಂಜಿನಿಯರು, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಆ ರಾತ್ರಿಯೇ ನಿಯಮ ಬಂತು. ನಿಯಮ ಬಂದ ಮೇಲೆ ಗುಂಪು ತಣ್ಣಗಾಯ್ತು, ನಿಜ. ನಾನೇ ಮೊದಲ ಹೆಬ್ಬೆರಳು ಒತ್ತಿದ್ದು.

ಹಾಗಾಗಿ ಈಗ ಹೇಳುವುದು ನನ್ನದೇ ತಪ್ಪಿನ ವಿಷಯ. ಅವತ್ತು ನಾನು ಕಾಯಿಲೆ ಸರಿಯಾಗಿ ಗುರುತಿಸಲಿಲ್ಲ. ನಮಗೆ ತೊಂದರೆ ಕೊಟ್ಟದ್ದು ಬೇರೆ ವಿಷಯದ ಮಾತಲ್ಲ, ಮಾತೇ ಅಲ್ಲದ ವಸ್ತು. ಫಾರ್ವರ್ಡ್ ಅನ್ನೋದು ಯಾರೋ ಬರೆದದ್ದು, ಯಾರೋ ಕಳಿಸಿದ್ದು. ಕೆಳಗೆ ಯಾರ ಸಹಿಯೂ ಇಲ್ಲ. “ಹೌದಾ, ನಿನಗೆ ಹೇಗೆ ಗೊತ್ತು?” ಅಂತ ಕೇಳಿದರೆ “ಬಂದಿತ್ತು, ಕಳಿಸಿದೆ” ಅಂತಾರೆ. “ನಾಕ ದಿನ ಆತು ಮಾತಾಡಿಲ್ಲ” ಅನ್ನೋದಕ್ಕೆ ಸಹಿ ಇದೆ. ಕೇಳಿದರೆ ಉತ್ತರ ಕೊಡೋಕೆ ಒಬ್ಬಳು ಇದಾಳೆ. ಇವೆರಡನ್ನೂ ಒಂದೇ ಕಸದಬುಟ್ಟಿಗೆ ಹಾಕೋ ನಿಯಮ ನಾವು ಮಾಡಿದ್ವಿ.

ಫಾರ್ವರ್ಡು ಏನು ಮಾಡಬಲ್ಲದು ಅಂತ ಕನ್ನಡದವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. 2018ರ ಜುಲೈ 13, ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರನ್ನು ಮಕ್ಕಳ ಕಳ್ಳರು ಅಂತ ಹಬ್ಬಿಸಿ, ಜನ ಬೆನ್ನಟ್ಟಿ ಹೊಡೆದರು. ಒಬ್ಬ ಯುವ ಇಂಜಿನಿಯರ್ ಸತ್ತೇ ಹೋದ. ಆಮೇಲೆ ಬಂಧನವಾದವರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಒಬ್ಬನೂ ಇದ್ದ. ಒಂದು ವಾರಕ್ಕೆ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಅಂತ ಮಿತಿ ತಂತು. ಮುಂದಿನ ವರ್ಷ ಅದೇ ಮಿತಿ ಎಲ್ಲ ದೇಶಕ್ಕೂ ಆಯ್ತು. ಗಮನಿಸಿ, ಅವರು ಮಿತಿ ಹಾಕಿದ್ದು ಬಾಣಕ್ಕೆ. ಮಾತಾಡುವ ವಿಷಯಕ್ಕಲ್ಲ. ನಮ್ಮ ತೋಟದ ಗುಂಪು ಮಾತ್ರ ಬಾಣವನ್ನು ಬಿಟ್ಟು ಬಾಯಿ ಮುಚ್ಚಿಸಿತು. ಯಾಕೆಂದರೆ ‘ಗೊಬ್ಬರದ ಹೆಸರಲ್ಲಿ’ ಬರುವ ಫಾರ್ವರ್ಡುಗಳು ಇವತ್ತಿಗೂ ನಿಯಮದೊಳಗೇ ಬರ್ತಾವೆ! ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿನಿಂದ ಗುಲಾಬಿ ಒಂದೇ ದಿನಕ್ಕೆ ಅರಳುತ್ತೆ ಅನ್ನೋ ವೀಡಿಯೊ ನಾಲ್ಕು ಸಲ ಬಂದಿದೆ, ಯಾರೂ ಅಳಿಸಿಲ್ಲ. ವಿಷಯಕ್ಕೆ ಸಂಬಂಧಪಟ್ಟದ್ದಲ್ಲವೇ.

ಈಗ ಆ ಹುಡುಗಿಯ ಕಥೆ ಮುಂದುವರಿಸ್ತೀನಿ.

ಮೂರು ವಾರ ನಾನೂ ಮರೆತಿದ್ದೆ. ಸುಳ್ಳು ಹೇಳಲ್ಲ. ನೆನಪಾದದ್ದು ನನ್ನ ಸ್ವಾರ್ಥಕ್ಕೆ: ನನ್ನ ಮೆಣಸಿನ ಬೀಜ ಒಂದೂ ಹುಟ್ಟಲಿಲ್ಲ, ಅವಳ ಹತ್ತಿರ ಸಸಿ ಇದ್ದವಲ್ಲ ಅಂತ. ಹಳೇ ಮೆಸೇಜುಗಳಲ್ಲಿ ನಂಬರ್ ಹುಡುಕಿ ಫೋನು ಮಾಡಿದೆ. “ಅಕ್ಕಾರ, ಬಂದು ಒಯ್ಯಿರಿ, ಎಲ್ಲಾನೂ ಒಯ್ಯಿರಿ” ಅಂದಳು. ಆ ‘ಎಲ್ಲಾನೂ’ ನನ್ನ ಕಿವಿಗೆ ಸರಿ ಬರಲಿಲ್ಲ. ನರ್ಸುಗಳಿಗೆ ಇಷ್ಟು ವರ್ಷದಲ್ಲಿ ಅದೊಂದು ಅಭ್ಯಾಸ ಆಗಿರುತ್ತೆ.

ಹೋಗಿ ನೋಡಿದರೆ ಒಂದು ಮನೆಯ ಮೇಲಿನ ಸಣ್ಣ ರೂಮು, ಅದರ ಕಿಟಕಿಯಲ್ಲಿ ಸಸಿಗಳು, ನೆಲದ ಮೇಲೆ ಅರ್ಧ ತುಂಬಿದ ಸೂಟ್‌ಕೇಸ್. ಅವಳನ್ನು ಕರೆಸಿಕೊಂಡ ಕೇರ್ ಕಂಪನಿ ಹೇಳಿದಷ್ಟು ಗಂಟೆ ಕೆಲಸ ಕೊಟ್ಟಿರಲಿಲ್ಲ. ಕೆಲವು ವಾರ ಹತ್ತೇ ಗಂಟೆ. ಈಗ ಕಂಪನಿಯ ಸ್ಪಾನ್ಸರ್ ಲೈಸೆನ್ಸೇ ರದ್ದು. ಇಲ್ಲಿರುವವರಿಗೆ ಇದರ ಅರ್ಥ ಗೊತ್ತು. ಹೋಮ್ ಆಫೀಸಿನಿಂದ ಕಾಗದ ಬಂದ ದಿನದಿಂದ ಸಾಮಾನ್ಯವಾಗಿ 60 ದಿನ. ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಸಿಗಬೇಕು, ಇಲ್ಲವಾದರೆ ಹೊರಡಬೇಕು. ಊರಲ್ಲಿ ಸಾಲ ಇದೆ, ಎಷ್ಟು ಅಂತ ನಾನು ಬರೆಯಲ್ಲ. ಕೇಳಿ ನನ್ನ ಕೈ ತಣ್ಣಗಾಯ್ತು.

“ಗುಂಪಿನಾಗ ಹೇಳಬೇಕಂತ ಮಾಡಿದ್ನಿರಿ. ಮೊದಲ ಸಾಲ ಹಾಕಿ ನೋಡಿದ್ನಿ, ಯಾರರ ಏನಾತು ಅಂತ ಕೇಳ್ತಾರೇನು ಅಂತ” ಅಂದಳು.

ನಮ್ಮ ವೃತ್ತಿಯಲ್ಲಿ ಇದನ್ನ ದಿನಾ ನೋಡ್ತೀವಿ. ರೌಂಡ್ಸ್‌ನಲ್ಲಿ ಡಾಕ್ಟರು ಬಂದು “ಏನಾದರೂ ಹೇಳೋದಿದೆಯಾ?” ಅಂತ ಕೇಳಿದರೆ ಪೇಷೆಂಟ್ “ಇಲ್ಲ, ಎಲ್ಲ ಸರಿ” ಅಂತಾರೆ. ನೀವು ನೀರಿನ ಜಗ್ ಬದಲಿಸುವಾಗ, ಪರದೆ ಎಳೆಯುವಾಗ, ಬಾಗಿಲ ಹಿಡಿ ಮೇಲೆ ಕೈ ಇಟ್ಟಾಗ, ಫುಟ್‌ಬಾಲ್ ವಿಷಯ ಮಾತಾಡ್ತಿದ್ದವರು ಇದ್ದಕ್ಕಿದ್ದ ಹಾಗೆ, “ಅದಿರಲಿ ಸಿಸ್ಟರ್, ಮೂರು ದಿನದಿಂದ ರಕ್ತ ಬೀಳ್ತಿದೆ” ಅಂತಾರೆ. ಮುಖ್ಯ ಮಾತು ‘ಅದಿರಲಿ’ಯ ಹಿಂದೆ ಬರುತ್ತೆ. ಮಾತು ಬರಲಿ ಅಂತ ಜಗ್ ಬದಲಿಸುವ ಕೆಲಸವನ್ನ ಬೇಕಂತಲೇ ನಿಧಾನ ಮಾಡೋ ಹಿರಿಯ ನರ್ಸುಗಳನ್ನ ನೋಡಿದೀನಿ. ಮೊಸರಿನ ಡಬ್ಬಿಯ ಸಸಿ ಅವಳ ಪಾಲಿನ ನೀರಿನ ಜಗ್. ನಾವು ಜಗ್ ಮಾತ್ರ ತೋರಿಸು ಅಂದ್ವಿ.

ಗುಂಪಿನಲ್ಲಿ ಟೊಮೆಟೊ ಪ್ರವೀಣರೊಬ್ಬರಿದಾರೆ, ಅವರ ಮನೆಯವರು ಒಂದು ಕೇರ್ ಹೋಮ್‌ನಲ್ಲಿ ಮ್ಯಾನೇಜರ್. ಇದು ನನಗೆ ಗೊತ್ತಾದದ್ದೂ ಒಮ್ಮೆ ಅಲಾಟ್‌ಮೆಂಟಿನಲ್ಲಿ ಮಳೆಗೆ ಶೆಡ್ಡಿನೊಳಗೆ ನಿಂತಾಗ ಆಡಿದ ಹರಟೆಯಿಂದ. ಅವತ್ತೇ ಫೋನು ಮಾಡಿದೆ. “ಅಯ್ಯೋ, ಎರಡು ವಾರದ ಹಿಂದೆ ಒಂದು ಜಾಗ ಇತ್ತು, ತುಂಬಿತು” ಅಂದರು. ಆ ಮೆಸೇಜ್ ಇದ್ದಿದ್ದರೆ ಅವಳಿಗೆ ಆ ಜಾಗ ಸಿಕ್ಕೇಬಿಡ್ತಿತ್ತು ಅಂತ ನಾನು ಹೇಳಲಾರೆ. ಇಂಟರ್‌ವ್ಯೂ, ಕಾಗದಪತ್ರ ನೂರೆಂಟಿರುತ್ತೆ. ಆದರೆ ಎರಡು ವಾರ ಅನ್ನೋ ಮಾತು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿದೆ. ಕೊನೆಗೆ ಐವತ್ತು ದಿನ ದಾಟಿದ ಮೇಲೆ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿ ಹೋದಳು. ಸಸಿಗಳನ್ನು ಬಸ್ಸಿನಲ್ಲಿ ಒಯ್ಯೋಕಾಗದೆ ನನಗೆ ಕೊಟ್ಟಳು.

ಈ ದೇಶದ ಒಂದು ವಿಚಿತ್ರ ಹೇಳ್ತೀನಿ. 2018ರ ಜನವರಿಯಲ್ಲಿ ಇಲ್ಲಿನ ಸರ್ಕಾರ ಒಂಟಿತನದ ಖಾತೆಗೇ ಒಬ್ಬ ಮಂತ್ರಿಯನ್ನು ಹಾಕಿತು. ನಮ್ಮೂರಲ್ಲಿ ಹೇಳಿದರೆ ನಗ್ತಾರೆ. ಮರುವರ್ಷ ಎನ್‌ಎಚ್‌ಎಸ್ ತನ್ನ ದೀರ್ಘಾವಧಿ ಯೋಜನೆಯಲ್ಲಿ, ಸಾವಿರಕ್ಕೂ ಹೆಚ್ಚು ‘ಲಿಂಕ್ ವರ್ಕರ್’ಗಳನ್ನ ನೇಮಿಸ್ತೀವಿ ಅಂತು. ಇವರ ಕೆಲಸ ಏನು ಗೊತ್ತಾ? ಜಿಪಿ ಹತ್ತಿರ ಬಂದ ಒಂಟಿ ಜನರನ್ನ ಹೆಣಿಗೆ ಗುಂಪಿಗೆ, ನಡಿಗೆ ಗುಂಪಿಗೆ, ತೋಟದ ಗುಂಪಿಗೆ ಸೇರಿಸೋದು. ಸೋಶಿಯಲ್ ಪ್ರಿಸ್ಕ್ರೈಬಿಂಗ್ ಅಂತಾರೆ, ಮಾತ್ರೆ ಬದಲು ಗೆಳೆತನ ಬರೆದುಕೊಡೋದು. ನನ್ನ ಪೇಷೆಂಟ್ ಒಬ್ಬರು, ಹೆಂಡತಿ ತೀರಿಕೊಂಡ ಎಂಬತ್ತರ ಅಜ್ಜ, ಹೀಗೆ ತೋಟಕ್ಕೆ ಹೋಗೋಕೆ ಶುರು ಮಾಡಿದರು. “ಒಂದು ಕ್ಯಾರೆಟ್ಟೂ ಬೆಳೆದಿಲ್ಲ, ಬಹಳ ಚೆನ್ನಾಗಿದೆ” ಅಂತಿದ್ದರು. ಅಂದರೆ ಇಲ್ಲಿ ಸರ್ಕಾರ ದುಡ್ಡು ಕೊಟ್ಟು ಜನರನ್ನು ತೋಟಕ್ಕೆ ಕಳಿಸೋದು ಕ್ಯಾರೆಟ್ ಅಲ್ಲದ ಮಾತಾಡಲಿ ಅಂತ. ನಾವು ಪುಕ್ಕಟೆ ಸಿಕ್ಕ ತೋಟದಲ್ಲಿ ಕ್ಯಾರೆಟ್ ಬಿಟ್ಟು ಮಾತಾಡಬೇಡಿ ಅಂತ ಬೋರ್ಡು ಹಾಕಿದೀವಿ.

ಮನುಷ್ಯರ ಮಾತಿನ ಲೆಕ್ಕ ಹಾಕಿದವರೂ ಇದಾರೆ. ರಾಬಿನ್ ಡನ್ಬಾರ್ ಅಂತ ಬ್ರಿಟನ್ನಿನ ವಿಜ್ಞಾನಿ. ಗುಂಪಿನಲ್ಲಿ ಒಬ್ಬರಿಗೆ ನಿಭಾಯಿಸಲು ಸಾಧ್ಯವಾಗುವ ನಂಟು ಸುಮಾರು 150 ಅಂದವರು ಅವರೇ. ಜನ ಸಹಜವಾಗಿ ಆಡುವ ಮಾತನ್ನು ಕದ್ದು ಕೇಳಿ ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಅವರಿವರ ವಿಷಯ, ಮನೆ ವಿಷಯ, ಸಂಬಂಧದ ವಿಷಯವೇ ಆಗಿತ್ತಂತೆ. ಕೋತಿಗಳು ಪರಸ್ಪರ ಹೇನು ಹೆಕ್ಕೋ ಕೆಲಸವನ್ನ ನಾವು ಮಾತಲ್ಲಿ ಮಾಡ್ತೀವಿ ಅನ್ನೋದು ಅವರ ವಾದ. ಇದಕ್ಕೆ ವಿಜ್ಞಾನಿ ಬೇಕಾ, ನಮ್ಮ ಅಜ್ಜಿಯಂದಿರು ಜಗಲಿಯಲ್ಲಿ ಎರಡೂ ಕೆಲಸ ಒಟ್ಟಿಗೇ ಮಾಡ್ತಿದ್ದರು.

ನಮ್ಮ ಮಲೆನಾಡಿನಲ್ಲಿ ಡೇರೆ ಹೂವಿನ ಹುಚ್ಚು ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಪೇಟೆಯವರು ಡೇಲಿಯಾ ಅಂತಾರೆ. ಮಳೆಗಾಲ ಹಿಡಿಯೋ ಹೊತ್ತಿಗೆ ಅಟ್ಟದಿಂದ ಗಡ್ಡೆ ಇಳಿಸಿ, ಮೊಳಕೆ ನೋಡಿ, ನೆಟ್ಟರೆ ಚೌತಿ ಹಬ್ಬದ ಹೊತ್ತಿಗೆ ಅಂಗಳದಲ್ಲಿ ತಟ್ಟೆಯಗಲ ಹೂ. ನಮ್ಮ ಅಮ್ಮ ಗಡ್ಡೆ ಕೇಳೋಕೆ ಅಂತ ಗದ್ದೆ ಬದು ದಾಟಿ ಆಚೆ ಮನೆಗೆ ಹೋದರೆ, ಬರುವಾಗ ಕೊಟ್ಟಿಗೆಗೆ ದನ ಬಂದಾಗಿರ್ತಿತ್ತು. ಎರಡು ಗಡ್ಡೆ ಕೀಳೋಕೆ ಎಷ್ಟು ಹೊತ್ತು ಬೇಕು? ಅಪ್ಪ ಗೊಣಗೋರು. ಆದರೆ ಆಚೆ ಮನೆ ಸೊಸೆಗೆ ಮೈ ಸರಿ ಇಲ್ಲ ಅನ್ನೋದು, ಯಾರ ಮನೆ ಹುಡುಗಿಗೆ ನರ್ಸಿಂಗ್ ಸೀಟಿಗೆ ಅರ್ಜಿ ಹಾಕಬಹುದು ಅನ್ನೋದು ಗಡ್ಡೆ ಜೊತೆ ಮಣ್ಣಿನ ಹಾಗೆ ಅಂಟಿಕೊಂಡು ಬರ್ತಿತ್ತು. ಸತ್ಯವಾಗಿ ಹೇಳ್ತೀನಿ, ನನ್ನ ಅರ್ಜಿ ಹುಟ್ಟಿದ್ದು ಅಂಥ ಒಂದು ಕೆಂಪು ಡೇರೆ ಗಡ್ಡೆಯಿಂದ. ಆ ಮನೆಯವರ ತಂಗಿ ಮಂಗಳೂರಿನಲ್ಲಿ ನರ್ಸಿಂಗ್ ಓದ್ತಿದ್ದಳು. ಆಚೆ ಮನೆಯ ಅಂಗಳದಲ್ಲಿ “ಡೇರೆ ವಿಷಯ ಮಾತ್ರ” ಅಂತ ಬೋರ್ಡಿದ್ದಿದ್ದರೆ ನಾನು ಈಗ ಸೊಲಿಹಲ್‌ನಲ್ಲಿ ಕೂತು ಇದನ್ನ ಬರೀತಿರಲಿಲ್ಲ.

ಅದೇನೂ ನಮ್ಮೂರಿನದ್ದು ಮಾತ್ರವಲ್ಲ. ಸೊಲಿಹಲ್‌ನಿಂದ ಸ್ನೋ ಹಿಲ್‌ಗೆ ರೈಲು, ಅಲ್ಲಿಂದ ಟ್ರಾಮ್ ಹಿಡಿದರೆ ಹ್ಯಾಂಡ್ಸ್‌ವರ್ಥ್‌ನ ಸೋಹೋ ಹೌಸ್. ಈಗ ಮ್ಯೂಸಿಯಂ. ಹದಿನೆಂಟನೇ ಶತಮಾನದಲ್ಲಿ ಅದು ಕಾರ್ಖಾನೆ ಮಾಲೀಕ ಮ್ಯಾಥ್ಯೂ ಬೋಲ್ಟನ್‌ನ ಮನೆ. ಹುಣ್ಣಿಮೆ ಹತ್ತಿರದ ದಿನ ನೋಡಿ ಒಂದಿಷ್ಟು ಗೆಳೆಯರು ಊಟಕ್ಕೆ ಸೇರ್ತಿದ್ದರು. ಬೀದಿದೀಪ ಇಲ್ಲದ ಕಾಲ, ಕುದುರೆ ಮೇಲೆ ಮನೆಗೆ ಹೋಗೋಕೆ ಬೆಳದಿಂಗಳು ಬೇಕಲ್ಲ. ಅದಕ್ಕೇ ಲೂನಾರ್ ಸೊಸೈಟಿ ಅಂತ ಹೆಸರು. ನಮ್ಮ ಬೆಳದಿಂಗಳೂಟ ಅಂದುಕೊಳ್ಳಿ. ಹಬೆ ಯಂತ್ರದ ಜೇಮ್ಸ್ ವಾಟ್, ಪಿಂಗಾಣಿಯ ವೆಜ್‌ವುಡ್, ಚಾರ್ಲ್ಸ್ ಡಾರ್ವಿನ್ನನ ಅಜ್ಜ ಎರಾಸ್ಮಸ್ ಡಾರ್ವಿನ್, ಗಾಳಿಗಳ ಬಗ್ಗೆ ಪ್ರಯೋಗ ಮಾಡಿದ ಪಾದ್ರಿ ಪ್ರೀಸ್ಟ್ಲಿ. ಒಬ್ಬನ ಕಸುಬು ಇನ್ನೊಬ್ಬನಿಗೆ ಸಂಬಂಧವಿಲ್ಲದ್ದು. ನಮ್ಮ ಅಡ್ಮಿನ್ ಇದ್ದಿದ್ದರೆ ದಿನಕ್ಕೆ ನಾಲ್ಕು ಜನರನ್ನ ಹೊರಗೆ ಹಾಕಬೇಕಿತ್ತು.

ಆ ಕೂಟದಲ್ಲಿ ನನಗೆ ಹತ್ತಿರದವನು ವಿಲಿಯಂ ವಿದರಿಂಗ್, ಬರ್ಮಿಂಗ್‌ಹ್ಯಾಮ್ ಜನರಲ್ ಆಸ್ಪತ್ರೆಯ ವೈದ್ಯ. ವಿದ್ಯಾರ್ಥಿಯಾಗಿದ್ದಾಗ ಸಸ್ಯಶಾಸ್ತ್ರ ಅಂದರೆ ಮೂಗು ಮುರೀತಿದ್ದನಂತೆ. ಆಮೇಲೆ ಅವನ ಪೇಷೆಂಟ್ ಆಗಿದ್ದ ಒಬ್ಬಳು ಹೂವಿನ ಚಿತ್ರ ಬರೀತಿದ್ದಳು, ಅವಳಿಗೆ ಹೂ ಹುಡುಕಿ ತಂದುಕೊಡ್ತಾ ಕೊಡ್ತಾ ಗಿಡದ ಹುಚ್ಚು ಹತ್ತಿತು. ಅವಳನ್ನೇ ಮದುವೆಯಾದ. (ಇವತ್ತಾದರೆ ಅವನ ಲೈಸೆನ್ಸ್ ಉಳೀತಿರಲಿಲ್ಲ, ಅದು ಬೇರೆ ಮಾತು.) 1775ರಲ್ಲಿ ಅವನ ಅಭಿಪ್ರಾಯ ಕೇಳಿ ಒಂದು ಮನೆಮದ್ದು ಬಂತು. ಶ್ರಾಪ್‌ಶೈರ್‌ನ ಮುದುಕಿಯೊಬ್ಬಳು ಗುಟ್ಟಾಗಿ ಇಟ್ಟುಕೊಂಡಿದ್ದದ್ದು, ಮೈಗೆ ನೀರಿಳಿದು ಊದಿದವರಿಗೆ ಕೊಡೋದು. ಇಪ್ಪತ್ತೋ ಅದಕ್ಕೂ ಹೆಚ್ಚೋ ಸೊಪ್ಪು ಬೆರೆಸಿದ ಮದ್ದಿನಲ್ಲಿ ಕೆಲಸ ಮಾಡ್ತಿರೋದು ಫಾಕ್ಸ್‌ಗ್ಲವ್ ಒಂದೇ ಅಂತ ಅವನಿಗೆ ಹೊಳೆದದ್ದು ಗಿಡ ಗೊತ್ತಿದ್ದರಿಂದ. ನಾವು ವಾರ್ಡಿನಲ್ಲಿ ಕೊಡುವ ಡಿಗಾಕ್ಸಿನ್ ಆ ಕುಟುಂಬದ ಗಿಡದಿಂದಲೇ ಬಂದದ್ದು. ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ಅರವತ್ತಕ್ಕಿಂತ ಕಡಿಮೆ ಇದ್ದರೆ ಕೊಡದೆ ಡಾಕ್ಟರಿಗೆ ಹೇಳು ಅಂತ ನಮಗೆ ಮೊದಲ ವರ್ಷವೇ ಬಾಯಿಪಾಠ ಮಾಡಿಸಿರ್ತಾರೆ.

“ಹಾಗಾದರೆ ಮುದುಕಿಯ ಮನೆಮದ್ದೂ ಒಂದು ಫಾರ್ವರ್ಡ್ ಅಲ್ಲವೇ ಸಿಸ್ಟರ್?” ಅಂತ ಕೇಳೋರಿದ್ದೀರಿ, ಗೊತ್ತು. ಮದ್ದು ಕೈಗೆ ಬಂದದ್ದು ಹಾಗೇ. ಆದರೆ ವಿದರಿಂಗ್ ಅದನ್ನ ಹತ್ತು ಜನಕ್ಕೆ ದಾಟಿಸಿ ಕೂರಲಿಲ್ಲ. ಹತ್ತು ವರ್ಷ ಪೇಷೆಂಟುಗಳ ಮೇಲೆ ನೋಡಿ, ಯಾರಿಗೆ ಹೆಚ್ಚಾಯ್ತು, ಯಾರಿಗೆ ವಾಂತಿಯಾಯ್ತು, ಯಾರಿಗೆ ಪ್ರಯೋಜನವೇ ಆಗಲಿಲ್ಲ ಎಲ್ಲ ಬರೆದಿಟ್ಟು 1785ರಲ್ಲಿ ಪುಸ್ತಕ ಮಾಡಿದ. ತನ್ನ ಹೆಸರು ಹಾಕಿ. ಅಷ್ಟರೊಳಗೆ ಎರಾಸ್ಮಸ್ ಡಾರ್ವಿನ್ 1780ರಲ್ಲೇ ಫಾಕ್ಸ್‌ಗ್ಲವ್ ಬಗ್ಗೆ ಅಚ್ಚು ಹಾಕಿಸಿಬಿಟ್ಟಿದ್ದ, ಗೆಳೆತನ ಮುರಿದುಬಿತ್ತು. ಮೊದಲು ಪೋಸ್ಟ್ ಹಾಕಿದ್ದು ಯಾರು ಅನ್ನೋ ಜಗಳ ಹೊಸದೇನಲ್ಲ.

ಅವರಿಗೂ ಗಡಿ ಇತ್ತು. ಧರ್ಮ, ರಾಜಕೀಯದಲ್ಲಿ ನಾವು ಒಬ್ಬರ ದಾರಿಗೆ ಒಬ್ಬರು ಬರ್ತಿರಲಿಲ್ಲ, ವಿಜ್ಞಾನದ ಪ್ರೀತಿ ನಮ್ಮನ್ನ ಕೂಡಿಸಿತ್ತು ಅಂತ ಪ್ರೀಸ್ಟ್ಲಿ ಆಮೇಲೆ ಬರೆದಿದಾನೆ. ಕೂಟದೊಳಗೆ ಅಷ್ಟು ಎಚ್ಚರವಿದ್ದರೂ 1791ರ ಜುಲೈ ಗಲಭೆಯಲ್ಲಿ ಹೊರಗಿನ ಗುಂಪು ಸ್ಪಾರ್ಕ್‌ಬ್ರೂಕ್‌ನ ಅವನ ಮನೆ, ಪ್ರಯೋಗಾಲಯ ಎಲ್ಲ ಸುಟ್ಟುಹಾಕ್ತು. ನಮ್ಮ ಗುಂಪಿನಲ್ಲೂ ಚುನಾವಣೆ ಹೊತ್ತಿಗೆ ಹತ್ತು ವರ್ಷದ ಗೆಳೆಯರಿಬ್ಬರು ಮಾತು ಬಿಟ್ಟಿದ್ದನ್ನ ನೋಡಿದೀನಿ. ಈಗ ಅಲಾಟ್‌ಮೆಂಟಿನಲ್ಲಿ ಒಂದೇ ನಲ್ಲಿ, ಇಬ್ಬರೂ ಬೇರೆ ಬೇರೆ ಹೊತ್ತಿಗೆ ನೀರು ಹಿಡೀತಾರೆ. ರಾಜಕೀಯ ಬೇಡ ಅನ್ನೋರ ಜೊತೆ ನನಗೆ ಜಗಳವಿಲ್ಲ.

ನನಗೇ ಬೇಡವಾದ ಇನ್ನೊಂದು ಇದೆ. ಬದನೆ ಹುಳದ ಫೋಟೋ ಕೆಳಗೆ, “ಸಿಸ್ಟರ್, ಹೇಗೂ ಆನ್‌ಲೈನ್ ಇದ್ದೀರಿ, ಅತ್ತೆಯ ಬಿಪಿ ಮಾತ್ರೆ ಐದರಿಂದ ಹತ್ತು ಮಾಡಬಹುದಾ?” ಮಾಡಬಾರದು. ಅಂದರೆ, ನಾನು ಹೇಳಬಾರದು. ನಮ್ಮ ಎನ್‌ಎಂಸಿ ನೀತಿಸಂಹಿತೆಯಲ್ಲಿ ಸೋಶಿಯಲ್ ಮೀಡಿಯಾದಲ್ಲಿ ಜವಾಬ್ದಾರಿಯಿಂದ, ಇತರರ ಖಾಸಗಿತನ ಕಾಪಾಡಿ ನಡೆದುಕೋ ಅಂತ ಸ್ಪಷ್ಟ ಮಾತಿದೆ. ಪೇಷೆಂಟನ್ನ ನೋಡಿಲ್ಲ, ರಿಪೋರ್ಟು ನೋಡಿಲ್ಲ, ನೂರೈವತ್ತು ಜನ ಓದ್ತಿದಾರೆ. 111ಕ್ಕೆ ಫೋನು ಮಾಡಿ, ಫಾರ್ಮಸಿಯವರನ್ನ ಕೇಳಿ ಅಂತೀನಿ. ಬೇಜಾರಾಗ್ತಾರೆ. ಆದರೆ ಅದೇ ಗುಂಪಿನಲ್ಲಿ ಒಬ್ಬರು ಬೇಲಿ ಪಕ್ಕ ಹುಟ್ಟಿದ ಮೆತ್ತನೆ ರೋಮದ ಎಲೆ ಫೋಟೋ ಹಾಕಿ, “ದೊಡ್ಡಪತ್ರೆ ಜಾತಿ ಇರಬಹುದಾ, ತಂಬುಳಿಗೆ ಆಗುತ್ತಾ?” ಅಂದಾಗ ನಾನು ಬಸ್ಸಿನಿಂದಲೇ ಫೋನು ಮಾಡಿ ಕೂಗಿದ್ದೆ, ಮುಟ್ಟಬೇಡಿ ಅಂತ. ಹೂ ಬಿಡದ ಫಾಕ್ಸ್‌ಗ್ಲವ್! ಅದು ತೋಟದ ವಿಷಯವಾ, ಆಸ್ಪತ್ರೆ ವಿಷಯವಾ, ಅಡುಗೆ ವಿಷಯವಾ, ನೀವೇ ಹೇಳಿ.

ಇದನ್ನೆಲ್ಲ ಅಡ್ಮಿನ್ನರ ಹತ್ತಿರ ಹೇಳಿದೆ. ಅವರು ನೊಂದುಕೊಂಡರು. ಹುಡುಗಿಗೆ ತಾವೇ ಫೋನು ಮಾಡಿ ಮಾತಾಡಿದರು, ಅದು ದೊಡ್ಡ ಗುಣ. ಆಮೇಲೆ ಇಂಜಿನಿಯರ್ ತಾನೇ, ಪರಿಹಾರ ಕಟ್ಟಿದರು: ‘ಹರಟೆ ಕಟ್ಟೆ’ ಅಂತ ಬೇರೆಯೇ ಗುಂಪು. ಮಾತಾಡೋರು ಅಲ್ಲಿ ಮಾತಾಡಲಿ, ತೋಟ ಇಲ್ಲಿ ಇರಲಿ. ನಲವತ್ತು ಜನ ಸೇರಿದರು. ಮೊದಲ ದಿನ ಎಲ್ಲರೂ ನಮಸ್ಕಾರ ಹೇಳಿದರು. ಎರಡನೇ ದಿನ ಯಾರೋ ಸೂರ್ಯೋದಯದ ಚಿತ್ರ ಹಾಕಿದರು. ಒಂದು ತಿಂಗಳಾದ ಮೇಲೆ ಅಲ್ಲಿ ಇದ್ದದ್ದು ಬರೀ ಬಾಣದ ಗುರುತು.

ಯಾಕೆ ಅಂತ ನಾನು ಬಹಳ ಯೋಚಿಸಿದೆ. ಹರಟೆಗೂ ಒಂದು ನೆಪ ಬೇಕು ಕಣ್ರೀ. “ಬನ್ನಿ, ಮನಸ್ಸು ಬಿಚ್ಚಿ ಮಾತಾಡಿ” ಅಂತ ಬೋರ್ಡು ಹಾಕಿದ ಮನೆಗೆ ನೊಂದವರು ಹೋಗಲ್ಲ. ಹೋದರೆ ನೊಂದಿದೀನಿ ಅಂತ ಒಪ್ಪಿಕೊಂಡ ಹಾಗೆ. ಗಡ್ಡೆ ಕೇಳೋಕೆ ಹೋದರೆ ಮರ್ಯಾದೆ ಉಳಿಯುತ್ತೆ. ಕೈಯಲ್ಲಿ ಒಂದು ಕೆಲಸ ಇದ್ದಾಗ ಕಣ್ಣಿಗೆ ಕಣ್ಣು ಕೊಡದೆ ಹೇಳಬಹುದು. ಮಾತು ನಿಂತರೂ ಮುಜುಗರವಿಲ್ಲ, ಮಣ್ಣು ಕೆದಕ್ತಾ ಇರಬಹುದು. ತೋಟವನ್ನೂ ಹರಟೆಯನ್ನೂ ಬೇರೆ ಮಾಡಿದರೆ ಹರಟೆ ಸಾಯುತ್ತೆ, ತೋಟ ಗೊಬ್ಬರದ ಕ್ಯಾಟಲಾಗ್ ಆಗುತ್ತೆ.

ನಾನು ಕೇಳಿಕೊಂಡಿರೋದು ಇಷ್ಟು. ಫಾರ್ವರ್ಡ್ ಬೇಡ, ಅದು ಬಾಳೆಸಿಪ್ಪೆಯದ್ದಾದರೂ. ಪಕ್ಷ, ಧರ್ಮದ ಜಗಳ ಬೇಡ. ಮಾತ್ರೆಯ ಡೋಸ್ ನನ್ನನ್ನ ಕೇಳಬೇಡಿ. ಉಳಿದಂತೆ, ನಿಮ್ಮ ಕೈಯಾರೆ ಟೈಪ್ ಮಾಡಿದ್ದು, ನಿಮಗೆ ಆದದ್ದು, ಅದು ಮನೆ ಬಾಡಿಗೆಯಾಗಲಿ, ಮಗನ ಶಾಲೆಯಾಗಲಿ, ಅಮ್ಮನ ತಿಥಿಗೆ ಊರಿಗೆ ಹೋಗೋಕಾಗದ ಸಂಕಟವಾಗಲಿ, ಇರಲಿ. ಯಾರಿಗೆ ಬೇಡವೋ ಅವರು ದಾಟಿಕೊಂಡು ಟೊಮೆಟೊಗೆ ಹೋಗಲಿ, ಹೆಬ್ಬೆರಳಿಗೆ ಅಷ್ಟು ಕೆಲಸ ಕೊಟ್ಟರೆ ಸವೆಯಲ್ಲ. ಮತ್ತೆ, ಯಾರಾದರೂ ಗುಂಪು ಬಿಟ್ಟದ್ದು ಗೊತ್ತಾದರೆ ಒಬ್ಬರಾದರೂ ಅವತ್ತೇ ಫೋನು ಮಾಡೋದು. ಸರದಿ ಹಾಕಿಕೊಳ್ಳೋಣ, ಮೊದಲ ತಿಂಗಳು ನಂದೇ ಇರಲಿ ಅಂದಿದೀನಿ.

ಅಡ್ಮಿನ್ ಇನ್ನೂ ಹೂಂ ಅಂದಿಲ್ಲ. “ಆಲೋಚನೆ ಮಾಡ್ತೀನಮ್ಮ, ಎಲ್ಲರೂ ನಿನ್ನ ಹಾಗೆ ಇರಲ್ಲ” ಅಂದಿದಾರೆ. ಅವರ ಮಾತಿನಲ್ಲೂ ಸುಳ್ಳಿಲ್ಲ. ನಿನ್ನೆ ರಾತ್ರಿ ಗುಂಪಿನಲ್ಲಿ ತಮ್ಮ ಡೇರೆ ಗಡ್ಡೆ ಮೊಳಕೆ ಬಂದ ಫೋಟೋ ಹಾಕಿ, ಕೆಳಗೆ “ಇದು ನನ್ನವಳು ನೆಟ್ಟಿದ್ದ ಗಡ್ಡೆ. ನಾಳೆಗೆ ಅವಳು ಹೋಗಿ ಎರಡು ವರ್ಷ” ಅಂತ ಒಂದು ಸ್ವಂತ ಸಾಲು ಬರೆದಿದ್ದರು. ಯಾರೂ ಅಳಿಸಲಿಲ್ಲ.

ಇನ್ನು ಕೇಳಿದವರಿಗೆ ಉತ್ತರ. ಕಿಟಕಿಯಲ್ಲಿರೋದು ಬ್ಯಾಡಗಿಯೇ. ಹೋದ ವರ್ಷ ಅವಳು ಬಿಟ್ಟುಹೋದ ಗಿಡದಲ್ಲಿ ಅಕ್ಟೋಬರಿಗೆ ಕೆಂಪಾದ ಹನ್ನೊಂದು ಕಾಯಿಯ ಬೀಜ. ಫೆಬ್ರವರಿ ಕೊನೆಗೆ ಒದ್ದೆ ಟಿಶ್ಯೂನಲ್ಲಿ ಸುತ್ತಿ ಬಾಯ್ಲರ್ ಕಪಾಟಿನಲ್ಲಿ ಇಟ್ಟಿದ್ದೆ, ಒಂಬತ್ತನೇ ದಿನ ಬಾಲ ಬಿಟ್ಟವು. ಮೇ ಮಧ್ಯದವರೆಗೆ ಹೊರಗಿಡಬೇಡಿ, ಇಬ್ಬನಿ ಹೊಡೆಯುತ್ತೆ. ಹದಿನಾರು ಸಸಿ ಇವೆ, ನಾಲ್ಕು ಲೀಡ್ಸ್‌ಗೆ ಹೋಗ್ತಾವೆ, ಆರು ನನಗೆ. ಆರು ಉಳಿಯುತ್ತೆ. ಸೊಲಿಹಲ್ ಸುತ್ತಮುತ್ತಲಿನವರು ಮೆಸೇಜ್ ಮಾಡಿ, ಶನಿವಾರ ನನಗೆ ರಜೆ. ಬರುವಾಗ ಮೊಸರಿನ ಡಬ್ಬಿ ತನ್ನಿ. ಚಹಾ ಕುಡಿದು ಹೋಗುವಷ್ಟು ಹೊತ್ತು ಇಟ್ಟುಕೊಂಡೇ ಬನ್ನಿ.